ಗೊದ್ದಗಳು ಒಪ್ಪಿದ ಗೂಡು, ನಾನು ಒಪ್ಪದ ಮುಚ್ಚಳ

ಮೊದಲು ದೂರು. ಮನೆಯಲ್ಲಿ ಇರುವೆ ಸಾಕಲೆಂದು ಕೊಂಡ ಈ ಗೂಡುಪೆಟ್ಟಿಗೆಯ ಗಾಜಿನ ಮುಚ್ಚಳ ಮೂರು ಮೂಲೆಗಳಲ್ಲಿ ಚೆನ್ನಾಗಿ ಕೂರುತ್ತದೆ, ನಾಲ್ಕನೆಯದರಲ್ಲಿ ಕೂರುವುದಿಲ್ಲ. ಕೈಗಡಿಯಾರ ರಿಪೇರಿ ನನ್ನ ಕಸುಬು; ಸಂದು ಕಂಡರೆ ಅಳೆಯದೆ ಬಿಡುವ ಜಾಯಮಾನ ನನ್ನದಲ್ಲ. ತೆಳು ತಗಡು ತೂರಿಸಿ ನೋಡಿದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ನಾನು ಸಾಕಿರುವ ಗೊದ್ದ ಇರುವೆಯ ತಲೆ ಅಷ್ಟರಲ್ಲಿ ತೂರುವುದಿಲ್ಲ, ಆದ್ದರಿಂದ ಅವು ತಪ್ಪಿಸಿಕೊಳ್ಳುವ ಭಯವಿಲ್ಲ. ಆದರೆ ಮನೆಯೊಳಗೆ ಓಡಾಡುವ ಸಣ್ಣ ಇರುವೆಗಳಿಗೆ ಅದೇ ಹೆಬ್ಬಾಗಿಲು. ಸಕ್ಕರೆನೀರಿನ ಜಾಡು ಹಿಡಿದು ಅವು ಒಳಹೊಕ್ಕರೆ ಸಾಕಿದ ಗೂಡಿನ ಮೊಟ್ಟೆ ಮರಿಗಳ ಆಸೆ ಬಿಡಬೇಕಾಗುತ್ತದೆ. ಅಂಚಿಗೆ ಸಿಲಿಕೋನ್ ಪಟ್ಟಿ ಅಂಟಿಸಿ ಸರಿಪಡಿಸಿಕೊಂಡೆ. ಅದು ಕೊಂಡವನು ಮಾಡಬೇಕಾದ ಕೆಲಸವಲ್ಲ. ತಯಾರಕರಿಗೆ ಬರೆದಾಗ, ಇರುವೆ ಹೊರಗೆ ಬರುವಷ್ಟು ಸಂದು ಇಲ್ಲವಲ್ಲ ಎಂಬ ಉತ್ತರ ಬಂತು. ಒಳಗೆ ಬರುವುದರ ಬಗ್ಗೆ ಅವರು ಯೋಚಿಸಿದ ಹಾಗೆ ಕಾಣಲಿಲ್ಲ.

ಇನ್ನು ಪೆಟ್ಟಿಗೆ. ಇದರಲ್ಲಿ ಎರಡು ಭಾಗಗಳಿವೆ. ಒಂದು ಗೂಡು: ಅಕ್ರಿಲಿಕ್ ಚೌಕಟ್ಟಿನೊಳಗೆ ಎರಕ ಹೊಯ್ದ ಜಿಪ್ಸಂ ಹಲಗೆ, ಅದರಲ್ಲಿ ಕೊರೆದ ಕೋಣೆಗಳು, ಅವುಗಳ ನಡುವೆ ಓಣಿಗಳು, ಮೇಲೆ ಗಾಜು. ಇನ್ನೊಂದು ಮೇವಿನ ಅಂಗಳ: ತೆರೆದ ಡಬ್ಬ, ಉಕ್ಕಿನ ಸಣ್ಣ ಜಾಲರಿಯ ಕಿಟಕಿ, ಒರೆಸಿ ತೊಳೆಯಲು ಸುಲಭವಾದ ನೆಲ. ಎರಡನ್ನೂ ಸೇರಿಸುವುದು ಒಂದು ಪಾರದರ್ಶಕ ಕೊಳವೆ. ಗೂಡಿನ ಒಂದು ತುದಿಯಲ್ಲಿ ನೀರಿನ ತೊಟ್ಟಿ ಇದೆ. ಜಿಪ್ಸಂ ನೀರನ್ನು ಹೀರಿಕೊಂಡು ಆ ಬದಿಯ ಕೋಣೆಗಳನ್ನು ತೇವವಾಗಿಡುತ್ತದೆ. ಇನ್ನೊಂದು ತುದಿಯ ಅಡಿಯಲ್ಲಿ ಬಿಸಿ ಪಟ್ಟಿ. ಜೊತೆಗೆ ಗಾಜಿನ ಮೇಲೆ ಹಾಸಲು ಕೆಂಪು ಹಾಳೆ, ಹಳಿಯ ಮೇಲೆ ಜಾರುವ ಭೂತಗನ್ನಡಿ, ಹೊತ್ತು ಹೊಂದಿಸಬಹುದಾದ ದೀಪ, ಮತ್ತು ‘ಸಂಪೂರ್ಣ ಆಹಾರ’ ಎಂದು ಮುದ್ರಿಸಿದ ಒಂದು ಪೊಟ್ಟಣ ಜೆಲ್. ಇರುವೆಗಳನ್ನು ಅವರು ಕೊಡುವುದಿಲ್ಲ. ಕೊಡದಿರುವುದೇ ಸರಿ.

ಪೆಟ್ಟಿಗೆಯ ಮೇಲೆ ‘ಎಲ್ಲ ಬಗೆಯ ಇರುವೆಗಳಿಗೂ’ ಎಂದಿದೆ. ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗ ಈ ಜಿಪ್ಸಂ ಕೋಣೆಯಲ್ಲಿ ಏನು ಮಾಡಬೇಕು? ಎಲೆ ಕತ್ತರಿಸಿ ತಂದು ಶಿಲೀಂಧ್ರ ಬೆಳೆಸುವ ಇರುವೆಗೆ ಇಲ್ಲಿ ತೋಟ ಮಾಡುವಷ್ಟು ಜಾಗ ಎಲ್ಲಿದೆ? ಇದು ಯಾರಿಗೆ ಹೊಂದುತ್ತದೆ ಎಂದು ನಿಜ ಬರೆದಿದ್ದರೆ ಮಾರಾಟಕ್ಕೇನೂ ನಷ್ಟವಾಗುತ್ತಿರಲಿಲ್ಲ, ಏಕೆಂದರೆ ಹೊಂದುವ ಗುಂಪು ಚಿಕ್ಕದಲ್ಲ. ನಾನು ಇದರಲ್ಲಿ ಇಟ್ಟಿರುವುದು ಕಪ್ಪು ಗೊದ್ದಗಳನ್ನು, ಅಂದರೆ ಕ್ಯಾಂಪೊನೋಟಸ್ ಕಂಪ್ರೆಸಸ್. ಗುಸ್ತಾವ್ ಮಾಯರ್ 1861ರಲ್ಲಿ ಹೆಸರಿಟ್ಟ ಈ ಕ್ಯಾಂಪೊನೋಟಸ್ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಸಿಗುತ್ತವೆ. ಬಡಗಿ ಇರುವೆ ಎಂಬ ಹೆಸರು ಇಡೀ ಕುಲಕ್ಕೆ ಅಂಟಿಕೊಂಡಿದೆ, ಆದರೆ ಇವು ಮರ ತಿನ್ನುವುದಿಲ್ಲ. ಮರದಲ್ಲಿ ವಾಸಿಸುವ ಜಾತಿಗಳೂ ಕೊರೆದ ಹುಡಿಯನ್ನು ಹೊರಗೆ ತಂದು ಚೆಲ್ಲುತ್ತವೆ. ಎಷ್ಟೋ ಜಾತಿಗಳು ಮಣ್ಣಿನಲ್ಲೇ ಇರುತ್ತವೆ, ಕೆಲವು ಟೊಳ್ಳು ರೆಂಬೆಗಳಲ್ಲಿ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಮರಿಹುಳುಗಳ ರೇಷ್ಮೆಯಿಂದ ಮರದ ಮೇಲೆ ಗೂಡು ನೇಯುವವೂ ಇವೆ. ಪಕ್ಕದಿಂದ ನೋಡಿದರೆ ಬಹುಪಾಲು ಜಾತಿಗಳ ಬೆನ್ನು ತಗ್ಗಿಲ್ಲದೆ ಒಂದೇ ಬಾಗಿನಲ್ಲಿ ಇಳಿಯುತ್ತದೆ, ಸೊಂಟದಲ್ಲಿ ಒಂದೇ ಗಂಟು. ಕೊಂಡಿಯಿಲ್ಲ. ಕಚ್ಚಿದ ಗಾಯಕ್ಕೆ ಉದರವನ್ನು ಮುಂದಕ್ಕೆ ಬಾಗಿಸಿ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತವೆ, ಉರಿ ಅದರದ್ದು.

ಇಂಥ ಪೆಟ್ಟಿಗೆಗಳ ವಿಮರ್ಶೆಗಳನ್ನು ಓದಿದರೆ ಗಾಜು ಎಷ್ಟು ತಿಳಿಯಾಗಿದೆ, ಮೇಜಿನ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದೇ ಹೆಚ್ಚು. ನನ್ನ ಮಾನದಂಡ ಬೇರೆ. ಗೂಡು ಹೇಗಿದೆ ಎಂದು ತೀರ್ಮಾನಿಸುವವು ಇರುವೆಗಳು, ಅವು ತೀರ್ಪನ್ನು ಮರಿಗಳ ಮೂಲಕ ಹೇಳುತ್ತವೆ. ಮೊಟ್ಟೆ, ಮರಿಹುಳು, ಕೋಶಗಳನ್ನು ಯಾವ ಕೋಣೆಗೆ ಹೊತ್ತೊಯ್ಯುತ್ತವೆ, ಯಾವ ಕೋಣೆಯನ್ನು ಕಸಕ್ಕೆ ಬಿಡುತ್ತವೆ ಎಂದು ನೋಡಿದರೆ ಸಾಕು. ತಯಾರಕರ ಮಾತಾಗಲಿ ನನ್ನ ಮಾತಾಗಲಿ ಆಮೇಲೆ.

ಆ ಲೆಕ್ಕದಲ್ಲಿ ಬಿಸಿ ಪಟ್ಟಿಗೆ ಪೂರ್ಣ ಅಂಕ. ಅದು ಇಡೀ ಗೂಡನ್ನು ಕಾಯಿಸುವುದಿಲ್ಲ, ಒಂದು ತುದಿಯನ್ನು ಮಾತ್ರ ಕಾಯಿಸುತ್ತದೆ. ಎರಡನೆಯ ಹಂತದಲ್ಲಿಟ್ಟು ತಂತಿ ಥರ್ಮಾಮೀಟರಿನಿಂದ ಅಳೆದಾಗ ಬಿಸಿ ತುದಿಯ ಕೋಣೆ 31 ಡಿಗ್ರಿಯ ಆಸುಪಾಸು, ನೀರಿನ ತುದಿ 25ರ ಆಸುಪಾಸು, ನಡುವಿನ ಕೋಣೆಗಳು ನಡುವೆ. ಇರುವೆಗಳಿಗೆ ಬೇಕಾಗಿರುವುದು ಇಂಥ ಆಯ್ಕೆ. ಒಂದೇ ಶಾಖದ ಗೂಡಿನಲ್ಲಿ ಅವು ಮರಿಗಳನ್ನು ಇಟ್ಟಲ್ಲೇ ಇಟ್ಟುಕೊಂಡಿರುತ್ತವೆ, ನೋಡುವವನಿಗೂ ಏನೂ ಸಿಗುವುದಿಲ್ಲ. ಇಲ್ಲಿ ದೀಪ ಹತ್ತಿ ಅರ್ಧ ಹಗಲು ಕಳೆಯುವ ಹೊತ್ತಿಗೆ ಕೋಶಗಳು ಬಿಸಿ ತುದಿಯ ಕೋಣೆಯಲ್ಲಿ ರಾಶಿ ಬಿದ್ದಿರುತ್ತವೆ. ದೀಪ ಆರಿದ ಮೇಲೆ ನಿಧಾನವಾಗಿ ಒಂದೊಂದನ್ನೇ ದವಡೆಯಲ್ಲಿ ಎತ್ತಿಕೊಂಡು ನಡುಕೋಣೆಗೆ ಸಾಗಿಸುತ್ತವೆ. ಮರುದಿನ ಮತ್ತೆ ವಾಪಸು. ಪಟ್ಟಿಯ ಶಾಖ ಹಗಲೂ ರಾತ್ರಿಯೂ ಒಂದೇ. ಹಾಗಿದ್ದರೂ ಈ ಸಾಗಣೆ ಏಕೆ?

ಇದಕ್ಕೆ ಉತ್ತರ ದಕ್ಷಿಣ ಅಮೆರಿಕದ ಕ್ಯಾಂಪೊನೋಟಸ್ ಮಸ್ ಎಂಬ ಜಾತಿಯ ಮೇಲೆ ನಡೆದ ಪ್ರಯೋಗಗಳಲ್ಲಿದೆ. ಫ್ಲಾವಿಯೊ ರೋಸೆಸ್ ಮತ್ತು ಜೋಸುಎ ನೂನ್ಯೆಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಶಾಖ ಏರುತ್ತ ಹೋಗುವ ಜಾಗದಲ್ಲಿ ದಾದಿ ಇರುವೆಗಳು ಹಗಲಿನ ನಡುವೆ ಮರಿಗಳನ್ನು 30.8 ಡಿಗ್ರಿಯ ಕಡೆಗೂ ಎಂಟು ಗಂಟೆಗಳ ನಂತರ ಕತ್ತಲೆಯಲ್ಲಿ 27.5 ಡಿಗ್ರಿಯ ಕಡೆಗೂ ಒಯ್ದವು. ಶಾಖ ಬದಲಾಗಿರಲಿಲ್ಲ, ಇರುವೆಗಳ ಇಷ್ಟ ಬದಲಾಗಿತ್ತು. ಒಳಗಿನ ಗಡಿಯಾರ ಹೊತ್ತು ನೋಡಿಕೊಂಡು ಇಂತಿಷ್ಟು ಶಾಖ ಬೇಕೆಂದು ಹೇಳುತ್ತದೆ. ನನ್ನವು ಬೇರೆ ಜಾತಿ, ಡಿಗ್ರಿಯ ಲೆಕ್ಕ ಬೇರೆ ಇರಬಹುದು. ಹೊತ್ತಿನ ಲೆಕ್ಕವಂತೂ ಕೆಂಪು ಹಾಳೆಯ ಮೂಲಕವೂ ಸ್ಪಷ್ಟವಾಗಿ ಕಾಣುತ್ತದೆ. ಗಡಿಯಾರ ಬಿಚ್ಚಿ ಜೋಡಿಸುತ್ತ ಬದುಕು ಕಳೆದವನಿಗೆ ಇದಕ್ಕಿಂತ ದೊಡ್ಡ ಮನರಂಜನೆ ಬೇಕಿಲ್ಲ. ಎಚ್ಚರಿಕೆ ಒಂದೇ: ಪಟ್ಟಿಯ ಮೂರನೆಯ ಹಂತ ಅತಿಯಾಯಿತು. ಅದರಲ್ಲಿಟ್ಟರೆ ಇರುವೆಗಳು ಆ ತುದಿಯನ್ನೇ ಖಾಲಿ ಮಾಡುತ್ತವೆ. ಕೈಪಿಡಿಯಲ್ಲಿ ‘ತಂಪು ಹವೆಗೆ ಮೂರನೆಯ ಹಂತ’ ಎಂದು ಬರೆದವರು ಥರ್ಮಾಮೀಟರ್ ಇಟ್ಟು ನೋಡಿರಲಾರರು.

ದೀಪದ ಟೈಮರ್ ಬಗ್ಗೆ ನನಗೆ ಕಸುಬಿನ ಸಿಟ್ಟಿದೆ. ಸಾಧಾರಣ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ಆಚೀಚೆ ಆದರೆ ನಮ್ಮಲ್ಲಿ ಸರಿ ಎನ್ನುತ್ತೇವೆ. ಈ ಟೈಮರ್ ವಾರಕ್ಕೆ ನಿಮಿಷಗಟ್ಟಲೆ ಹಿಂದೆ ಬೀಳುತ್ತದೆ. ಇರುವೆಗಳಿಗೆ ಇದರಿಂದ ತೊಂದರೆಯಿಲ್ಲ ಎಂಬುದು ಬೇರೆ ಮಾತು, ಏಕೆಂದರೆ ಅವುಗಳ ಗಡಿಯಾರವೂ ಸರಿಯಾಗಿ 24 ಗಂಟೆಯದಲ್ಲ. ದಿನವೂ ಬೆಳಕನ್ನು ನೋಡಿ ತಿದ್ದಿಕೊಳ್ಳುತ್ತದೆ. ನಾನು ಸಾಕಿರುವ ಇದೇ ಕಂಪ್ರೆಸಸ್ ಜಾತಿಯ ಮೇಲೆ ವಿಜಯ್ ಕುಮಾರ್ ಶರ್ಮಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಕೆಲಸ ಈ ಪೆಟ್ಟಿಗೆ ಕೊಳ್ಳುವ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಅವರು ಇರುವೆಗಳನ್ನು ಒಂದೊಂದಾಗಿ ಬೇರ್ಪಡಿಸಿ ಚಲನವಲನ ದಾಖಲಿಸಿದರು. ದಪ್ಪತಲೆಯ ದೊಡ್ಡ ಕೆಲಸಗಾರ ಇರುವೆಗಳು ರಾತ್ರಿಪಾಳಿಯವು. ಮಧ್ಯಮ ಗಾತ್ರದವುಗಳಲ್ಲಿ ಮುಕ್ಕಾಲು ಪಾಲು ರಾತ್ರಿ, ಕಾಲು ಪಾಲು ಹಗಲು ಚುರುಕು. ಸಂಪೂರ್ಣ ಕತ್ತಲೆಗೆ ಬಿಟ್ಟಾಗ ಈ ಮಧ್ಯಮದವು ವಿಚಿತ್ರವಾಗಿ ನಡೆದುಕೊಂಡವು: ರಾತ್ರಿಪಾಳಿಯವುಗಳ ದಿನ ಮೊದಲು 24 ಗಂಟೆಗಿಂತ ಚಿಕ್ಕದಾಗಿದ್ದು, ಆರರಿಂದ ಒಂಬತ್ತು ದಿನಗಳ ನಂತರ 24ಕ್ಕಿಂತ ದೊಡ್ಡದಾಯಿತು, ಹಗಲುಪಾಳಿಯವುಗಳಲ್ಲಿ ಇದು ತಿರುವುಮುರುವು. ಅಂದರೆ ಬಹುಶಃ ಪಾಳಿ ಬದಲಾಯಿಸಲು ಅನುವಾಗುವಂತೆ ಗಡಿಯಾರ ಒಂದು ಸಲ ಮುಂದೋಡುತ್ತದೆ, ಒಂದು ಸಲ ಹಿಂದುಳಿಯುತ್ತದೆ. ಗೂಡಿನೊಳಗೆ ಮರಿ ನೋಡಿಕೊಳ್ಳುವ ಸಣ್ಣ ಇರುವೆಗಳು ಬೆಳಕು ಕತ್ತಲೆ ಎರಡಕ್ಕೂ ಕ್ಯಾರೇ ಎನ್ನಲಿಲ್ಲ. ಅವುಗಳ ಓಡಾಟದಲ್ಲಿ ದಿನದ ಲಯವೇ ಸಿಗಲಿಲ್ಲ. ಮರಿಗೆ ಹಸಿವಾದಾಗಲೆಲ್ಲ ಏಳಬೇಕಾದವರಿಗೆ ಪಾಳಿ ಎಲ್ಲಿಂದ ಬರಬೇಕು? ಇನ್ನು ರಾಣಿ: ಮಿಲನಕ್ಕೆ ಮುಂಚೆ ಅವಳಲ್ಲಿ ಲಯವಿದೆ, ಮೊಟ್ಟೆಯಿಡುವಾಗ ಲಯ ಅಳಿಸಿಹೋಗುತ್ತದೆ, ಮೊಟ್ಟೆಯಿಟ್ಟು ಮುಗಿದ ಮೇಲೆ ಮರಳುತ್ತದೆ.

ಈ ಪೆಟ್ಟಿಗೆಯಲ್ಲಿ ಅಷ್ಟೆಲ್ಲ ಅಳೆಯಲಾಗುವುದಿಲ್ಲ. ಆದರೆ ದೀಪ ಆರಿ ಸ್ವಲ್ಪ ಹೊತ್ತಿಗೆ ಕೊಳವೆಯ ಬಾಯಿಗೆ ದಪ್ಪತಲೆಗಳು ಬಂದು ನಿಲ್ಲುವುದು, ಗೂಡಿನ ನಡುವೆ ಸಣ್ಣವು ಯಾವ ಹೊತ್ತಿನಲ್ಲಿ ಇಣುಕಿದರೂ ಕೆಲಸದಲ್ಲಿರುವುದು ಬರಿಗಣ್ಣಿಗೇ ಕಾಣುತ್ತದೆ. ಇದಕ್ಕೆ ಕೆಂಪು ಹಾಳೆ ನೆರವಾಗುತ್ತದೆ. ಬಹುಪಾಲು ಇರುವೆಗಳ ಕಣ್ಣು ನೇರಳಾತೀತ ಮತ್ತು ಹಸಿರು ಬೆಳಕಿಗೆ ಚುರುಕು, ಕೆಂಪಿಗೆ ತೀರ ಮಂದ. ಹಾಳೆ ಹಾಸಿದ ಗೂಡು ನಮಗೆ ಕೆಂಪಗೆ ಕಂಡರೂ ಅವುಗಳಿಗೆ ಹೆಚ್ಚುಕಡಿಮೆ ಕತ್ತಲೆ. ಹಾಳೆ ಚೆನ್ನಾಗಿದೆ, ತುಸು ತೆಳುವಾಯಿತು. ಎರಡು ಪದರ ಮಾಡಿ ಹಾಸಿದರೆ ಭೂತಗನ್ನಡಿಯ ಅಡಿಯಲ್ಲಿ ಟಾರ್ಚ್ ಹಿಡಿದರೂ ಅವು ಬೆದರುವುದಿಲ್ಲ.

ಕೊಟ್ಟಿರುವ ಭೂತಗನ್ನಡಿ ಆಟಿಕೆ. ಅಂಚಿನಲ್ಲಿ ಎಲ್ಲವೂ ಬಾಗಿ ಕಾಣುತ್ತದೆ. ಅದನ್ನು ಕಳಚಿಟ್ಟು ನನ್ನ ಲೂಪನ್ನೇ, ಅಂದರೆ ಗಡಿಯಾರ ರಿಪೇರಿಯ ಭೂತಗನ್ನಡಿಯನ್ನೇ, ಬಳಸುತ್ತೇನೆ. ಆದರೆ ಗಾಜಿಗೂ ಕೋಣೆಯ ನೆಲಕ್ಕೂ ಇರುವ ಅಂತರವನ್ನು ಯಾರೋ ತಿಳಿದವರು ಇಟ್ಟಿದ್ದಾರೆ: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪು ಹಿಡಿದರೆ ನೆಲದವರೆಗೂ ಸ್ಪಷ್ಟ. ಅದರಡಿಯಲ್ಲಿ ನಾನು ಮತ್ತೆ ಮತ್ತೆ ನೋಡುವುದು ಕೋಶಗಳನ್ನು. ಜನ ಇರುವೆ ಮೊಟ್ಟೆ ಎನ್ನುವ ಆ ಉದ್ದನೆಯ ಕೆನೆಬಣ್ಣದ ಕಾಳುಗಳು ಮೊಟ್ಟೆಗಳಲ್ಲ. ಮರಿಹುಳು ತನ್ನ ಸುತ್ತ ನೂತ ರೇಷ್ಮೆಯ ಚೀಲಗಳು. ಒಂದು ತುದಿಯಲ್ಲಿ ಕಪ್ಪು ಚುಕ್ಕೆ ಇರುತ್ತದೆ. ಮರಿಹುಳುವಾಗಿ ತಿಂದುದೆಲ್ಲದರ ಉಳಿಕೆಯನ್ನು ಕೋಶ ಕಟ್ಟಿದ ಮೇಲೆ ಒಂದೇ ಸಲಕ್ಕೆ ವಿಸರ್ಜಿಸಿದ ಗುರುತು ಅದು. ಒಳಗಿನದು ಬಲಿತಾಗ ಅಕ್ಕಂದಿರು ಚುಕ್ಕೆಯಿಲ್ಲದ ತುದಿಯನ್ನು ದವಡೆಯಿಂದ ಎಳೆಎಳೆಯಾಗಿ ಹರಿಯುತ್ತಾರೆ. ಮೊದಲು ಕುಡಿಮೀಸೆಯ ಮಡಿಕೆ, ಆಮೇಲೆ ಬಿಳಿಚಿದ ತಲೆ, ಆಮೇಲೆ ದೇಹಕ್ಕೆ ಅಂಟಿಕೊಂಡ ಕಾಲುಗಳು. ಒಬ್ಬಳು ಕಾಲಿನಿಂದ ತೆಳು ಪೊರೆ ಸುಲಿಯುತ್ತಿದ್ದರೆ ಇನ್ನೊಬ್ಬಳು ಮುಖ ನೆಕ್ಕುತ್ತಿರುತ್ತಾಳೆ. ಹೊರಬಂದದ್ದು ಮಾಸಲು ಜೇನಿನ ಬಣ್ಣದಲ್ಲಿ ತೊಡರುತ್ತ ನಿಲ್ಲುತ್ತದೆ. ಕಪ್ಪಾಗಲು ದಿನಗಳು ಬೇಕು. ಖಾಲಿ ಚೀಲವನ್ನು ಯಾರೋ ಎತ್ತಿಕೊಂಡು ಕಸದ ಕಡೆ ಹೊರಟಿರುತ್ತಾರೆ. ಚಿಮಟದ ತುದಿಯಲ್ಲಿ ಕೂದಲೆಳೆಯ ಸ್ಪ್ರಿಂಗ್ ಹಿಡಿದು ಕೂರಿಸುವ ನನ್ನಂಥವನೂ ಆ ದವಡೆಗಳ ಹದ ಕಂಡು ಸುಮ್ಮನಾಗಬೇಕು. ಅದೇ ದವಡೆ ಇನ್ನೊಂದು ಗಳಿಗೆಯಲ್ಲಿ ಜಿರಳೆಯ ಕಾಲು ಮುರಿಯುತ್ತದೆ.

‘ಸಂಪೂರ್ಣ ಆಹಾರ’ದ ಜೆಲ್ಲನ್ನು ಕೊಳ್ಳುವವರು ನಂಬಬೇಡಿ. ಅದು ಬಣ್ಣ ಹಾಕಿದ ಸಿಹಿ. ಗೊದ್ದಗಳು ಮೂಸಿ ನೋಡಿ, ಒಂದೆರಡು ನೆಕ್ಕಿ, ಮರಳಿನ ಕಾಳು ತಂದು ಅದರ ಮೇಲೆ ಮುಚ್ಚಿದವು. ನಮಗೆ ಇದಕ್ಕಿಂತ ಸ್ಪಷ್ಟವಾದ ಅಭಿಪ್ರಾಯ ಬೇಕೆ? ಸಕ್ಕರೆನೀರು ಅಥವಾ ನೀರು ಬೆರೆಸಿದ ಜೇನು, ಜೊತೆಗೆ ಮರಿಗಳಿಗಾಗಿ ಕೊಂದ ಕೀಟ: ಇದು ಸಾಕು. ಪ್ರೋಟೀನು ಮುಖ್ಯವಾಗಿ ಬೇಕಾಗಿರುವುದು ಬೆಳೆಯುವ ಮರಿಹುಳುಗಳಿಗೆ ಮತ್ತು ರಾಣಿಗೆ. ಬೆಳೆದ ಇರುವೆ ಗಟ್ಟಿ ತುಣುಕನ್ನು ನುಂಗಲಾರದು. ಬಾಯಿಯೊಳಗಿನ ಸಣ್ಣ ಚೀಲವೊಂದು ಕಣಗಳನ್ನು ಸೋಸಿ ಉಂಡೆ ಕಟ್ಟುತ್ತದೆ, ಆ ಉಂಡೆಯನ್ನು ಅವು ಕಸದ ರಾಶಿಗೆ ಹಾಕುತ್ತವೆ. ರಸ ಮಾತ್ರ ಮುಂದಿನ ಹೊಟ್ಟೆಗೆ ಹೋಗುತ್ತದೆ. ಅದು ಮನೆಮಂದಿಗೆಲ್ಲ ಸೇರಿದ ಹೊಟ್ಟೆ. ತುಂಬಿದಾಗ ಉದರದ ಕಪ್ಪು ಪಟ್ಟಿಗಳು ಒಂದರಿಂದೊಂದು ಸರಿದು ನಡುವಿನ ತೆಳು ಪೊರೆ ಕಾಣುತ್ತದೆ. ಅಂಗಳದಿಂದ ಬಂದದ್ದು ಗೂಡಿನಲ್ಲಿ ಇನ್ನೊಂದರ ಎದುರು ನಿಂತು ಬಾಯಿಗೆ ಬಾಯಿಕೊಟ್ಟು ಹನಿ ದಾಟಿಸುತ್ತದೆ. ಪಡೆಯುವುದು ಕುಡಿಮೀಸೆಯಿಂದ ಕೊಡುವವಳ ತಲೆಯನ್ನು ತಡವುತ್ತಲೇ ಇರುತ್ತದೆ. ಸಕ್ಕರೆನೀರಿಗೆ ತಿನ್ನುವ ಬಣ್ಣ ಬೆರೆಸಿಟ್ಟರೆ, ಆ ಬಣ್ಣ ಒಂದು ಹೊಟ್ಟೆಯಿಂದ ಇನ್ನೊಂದಕ್ಕೆ ಹರಡುವುದನ್ನು ಗಾಜಿನ ಮೂಲಕವೇ ನೋಡಬಹುದು.

ಈ ಕುಲಕ್ಕೆ ಊಟದ ವಿಚಾರದಲ್ಲಿ ಒಂದು ಒಳಸಹಾಯವೂ ಇದೆ. ಕರುಳಿನ ಗೋಡೆಯ ವಿಶೇಷ ಜೀವಕೋಶಗಳಲ್ಲೂ ರಾಣಿಯ ಅಂಡಾಶಯದಲ್ಲೂ ಬ್ಲಾಕ್‌ಮಾನಿಯಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಕಂಡ ಫ್ರೀಡ್ರಿಕ್ ಬ್ಲಾಕ್‌ಮಾನರ ಹೆಸರನ್ನೇ ಅದಕ್ಕಿಟ್ಟಿದ್ದಾರೆ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮುಂದಿನ ತಲೆಮಾರಿಗೆ ಸಾಗುತ್ತ ಬಂದ ಈ ಜೀವಿಯ ವಂಶವಾಹಿ ಪಠ್ಯ ಕುಗ್ಗಿ ಕುಗ್ಗಿ ಸುಮಾರು ಏಳು ಲಕ್ಷ ಅಕ್ಷರಗಳಷ್ಟಾಗಿದೆ. 2003ರಲ್ಲಿ ಅದನ್ನು ಪೂರ್ತಿ ಓದಿದಾಗ, ಉಳಿದಿರುವುದರಲ್ಲಿ ಇರುವೆಗೆ ಬೇಕಾದ ಅಮೈನೋ ಆಮ್ಲ ತಯಾರಿಸುವ ಜೀನುಗಳು ಜೋಪಾನವಾಗಿ ಇರುವುದು ಕಂಡಿತು. ವ್ಯರ್ಥವಾಗಿ ಹೋಗುವ ಯೂರಿಯಾದ ಸಾರಜನಕವನ್ನೂ ಅದು ಮರುಬಳಕೆಗೆ ತರುತ್ತದೆ. ಆಂಟಿಬಯೋಟಿಕ್ ಕೊಟ್ಟು ಈ ಬ್ಯಾಕ್ಟೀರಿಯಾವನ್ನು ಕಳೆದ ಗುಂಪುಗಳು ಮರಿ ಬೆಳೆಸುವುದರಲ್ಲಿ ಹಿಂದೆ ಬಿದ್ದವು. ಹೂವಿನ ರಸ, ಸಸ್ಯಹೇನಿನ ಸಿಹಿದ್ರವ ಎಂದು ತೆಳ್ಳನೆಯ ಊಟದಲ್ಲೇ ಈ ಕುಲ ಇಷ್ಟು ಜಾತಿಗಳಾಗಿ ಹರಡಲು ಈ ಸಹವಾಸ ನೆರವಾಗಿರಬೇಕು ಎಂಬ ಊಹೆ ಇದೆ, ನನಗೂ ಅದು ಒಪ್ಪಿಗೆ. ಜೆಲ್ ಮಾತ್ರ ಒಪ್ಪಿಗೆಯಿಲ್ಲ.

ಜಿಪ್ಸಂ ಗೂಡುಗಳ ಹಳೆಯ ಶತ್ರು ಬೂಸಲು. ನೀರಿನ ತೊಟ್ಟಿಯನ್ನು ತುಂಬಿ ತುಳುಕಿಸಿದರೆ ಇಲ್ಲಿಯೂ ಅದು ಬರುತ್ತದೆ. ತುದಿಯ ಕೋಣೆಗಳ ನೆಲ ಬಣ್ಣ ಬದಲಾಯಿಸುವಷ್ಟು ಮಾತ್ರ ಹನಿಸಿದರೆ ಬರುವುದಿಲ್ಲ. ಇರುವೆಗಳೂ ಕೈಕಟ್ಟಿ ಕೂರುವುದಿಲ್ಲ. ಬಹುತೇಕ ಇರುವೆಗಳಿಗೆ ಎದೆಯ ಹಿಂಭಾಗದಲ್ಲಿ ಸೋಂಕುನಾಶಕ ಸ್ರವಿಸುವ ಗ್ರಂಥಿಯಿರುತ್ತದೆ. ಕ್ಯಾಂಪೊನೋಟಸ್‌ನ ಬಹುಪಾಲು ಜಾತಿಗಳಲ್ಲಿ ಅದು ಇಲ್ಲ. ಇದಕ್ಕೆ ಬದಲು ಆಮ್ಲವನ್ನೇ ಎಲ್ಲದಕ್ಕೂ ಬಳಸುತ್ತವೆ. ಊಟವಾದ ಮೇಲೆ ಉದರವನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಮಡಚಿ ತುದಿಯನ್ನು ನೆಕ್ಕುವುದನ್ನು ಲೂಪಿನಡಿ ನೋಡಬಹುದು. ಮೈ ತೊಳೆಯುತ್ತಿದೆ ಎಂದುಕೊಳ್ಳುತ್ತೇವೆ. ಸೈಮನ್ ಟ್ರಾಗುಸ್ಟ್ ಮತ್ತು ಸಂಗಡಿಗರು 2020ರಲ್ಲಿ ಫ್ಲೋರಿಡಾದ ಕ್ಯಾಂಪೊನೋಟಸ್ ಜಾತಿಯಲ್ಲಿ ತೋರಿಸಿದ್ದು ಬೇರೆ: ನೆಕ್ಕಿ ನುಂಗಿದ ಆಮ್ಲ ಮುಂದಿನ ಹೊಟ್ಟೆಯನ್ನು ಹುಳಿಯಾಗಿಸಿ ಆಹಾರದೊಂದಿಗೆ ಬಂದ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಇದೇ ಆಮ್ಲದ ಹಬೆ ಗಾಳಿಯಾಡದ ಡಬ್ಬದಲ್ಲಿ ತುಂಬಿಕೊಂಡರೆ ಗಾಬರಿಬಿದ್ದ ಇರುವೆಗಳು ತಮ್ಮ ಅಸ್ತ್ರಕ್ಕೇ ತಾವು ಬಲಿಯಾಗಬಲ್ಲವು. ಪೆಟ್ಟಿಗೆಯ ಜಾಲರಿ ಕಿಟಕಿಗಳು ಎರಡೂ ಕಡೆ ಇರುವುದರಿಂದ ಗಾಳಿ ಎದುರುಬದುರಾಗಿ ಆಡುತ್ತದೆ. ಈ ವಿಷಯದಲ್ಲಿ ತಯಾರಕರನ್ನು ಮೆಚ್ಚಲೇಬೇಕು.

ಅಂಗಳವನ್ನು ಗೂಡಿಗೆ ಒತ್ತಿಸದೆ ಉದ್ದ ಕೊಳವೆಯಿಂದ ದೂರ ಇಟ್ಟಿರುವುದೂ ಒಳ್ಳೆಯ ವಿನ್ಯಾಸ. ಕ್ಯಾಂಪೊನೋಟಸ್ ಫೆಲ್ಲಾ ಎಂಬ ಜಾತಿಯ ಆರು ಗೂಡುಗಳ ಪ್ರತಿ ಇರುವೆಯ ಬೆನ್ನಿಗೂ ಪುಟ್ಟ ಗುರುತಿನ ಚೀಟಿ ಅಂಟಿಸಿ, 41 ದಿನ ಕ್ಯಾಮೆರಾದಿಂದ ಹಿಂಬಾಲಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ರಾಣಿ ಮತ್ತು ಮರಿಗಳ ಸುತ್ತ ದಾದಿಯರು, ಬಾಗಿಲ ಬಳಿ ಮೇವು ತರುವವರು, ನಡುವೆ ಕಸ ತೆಗೆಯುವವರು ಎಂದು ಮೂರು ಗುಂಪುಗಳು ಕಂಡವು. ವಯಸ್ಸಾದಂತೆ ಇರುವೆ ಒಳಗಿನ ಗುಂಪಿನಿಂದ ಹೊರಗಿನ ಗುಂಪಿಗೆ ದಾಟುತ್ತದೆ, ಹೊರಗಿನವರೂ ಒಳಗಿನವರೂ ಭೇಟಿಯಾಗುವುದು ಕಡಿಮೆ. ಕೊಳವೆ ಉದ್ದವಿದ್ದಷ್ಟೂ ಈ ಅಂತರ ನೋಡುವವನಿಗೆ ಸ್ಪಷ್ಟ. ಕೊಳವೆಯ ಒಳಅಗಲವೂ ಸಾಕಷ್ಟಿದೆ. ಎರಡು ದಪ್ಪತಲೆಗಳು ಎದುರುಬದುರಾದರೂ ಒಂದು ಗೋಡೆ ಹತ್ತಿ ದಾರಿ ಬಿಡುತ್ತದೆ.

ಕೊಳ್ಳುವ ಮುಂಚೆ ಗೊತ್ತಿರಬೇಕಾದದ್ದು: ಇದು ಒಂಟಿ ರಾಣಿಗೆ ಮನೆಯಲ್ಲ. ಮಿಲನ ಮುಗಿಸಿ ರೆಕ್ಕೆ ಕಳಚಿದ ರಾಣಿ ಕಿರಿದಾದ ಕತ್ತಲೆಯ ಜಾಗದಲ್ಲಿ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತಾಳೆ. ಇನ್ನು ಬೇಡವಾದ ಹಾರಾಟದ ಸ್ನಾಯುಗಳನ್ನೂ ಕೊಬ್ಬನ್ನೂ ಕರಗಿಸಿ ಮೊದಲ ಮರಿಗಳಿಗೆ ಉಣಿಸುತ್ತಾಳೆ, ತಾನು ಏನೂ ತಿನ್ನುವುದಿಲ್ಲ. ಮೊಟ್ಟೆ ಕೆಲಸಗಾರ ಇರುವೆಯಾಗಲು ಸುಮಾರು ಎರಡು ತಿಂಗಳು. ಇದ್ದ ಗಂಟಿನಲ್ಲೇ ಬೆಳೆದ ಆ ಮೊದಲ ಮಕ್ಕಳು ಕುಳ್ಳಗೆ, ಸಣಕಲಾಗಿ ಇರುತ್ತವೆ. ಅಲ್ಲಿಯವರೆಗೆ ಹತ್ತಿಯ ಹಿಂದೆ ನೀರು ತುಂಬಿದ ಟೆಸ್ಟ್ ಟ್ಯೂಬು ಸಾಕು. ಅದನ್ನು ಬಿಟ್ಟು ನೇರ ಈ ದೊಡ್ಡ ಗೂಡಿಗೆ ಹಾಕಿದರೆ ಅರ್ಧ ಕೋಣೆಗಳು ತಿಪ್ಪೆಯಾಗುತ್ತವೆ. ಟ್ಯೂಬು ಕಿಕ್ಕಿರಿದ ಮೇಲೆ ಅದನ್ನು ಹಾಗೇ ಅಂಗಳದಲ್ಲಿ ಇಟ್ಟುಬಿಡಿ. ಕೊಡವಬೇಡಿ, ಅವಸರಿಸಬೇಡಿ, ಅವೇ ಒಂದು ರಾತ್ರಿ ಮರಿಗಳನ್ನು ಹೊತ್ತು ಹೊರಡುತ್ತವೆ. ಸಿಕ್ಕಿದ ಊರಿನಲ್ಲೇ ಸಾಕಿ. ದೂರದ ಜಾತಿಗಳನ್ನು ತರಿಸುವ ಗೀಳು ಬೇಡ, ತಪ್ಪಿಸಿಕೊಂಡರೆ ತಿದ್ದಲಾಗದ ತೊಂದರೆ ಅದು.

ಒಂದು ವರ್ಷದ ಗ್ಯಾರಂಟಿ ಕೊಟ್ಟಿದ್ದಾರೆ. ಪ್ರಯೋಗಾಲಯದಲ್ಲಿ ಲೇಸಿಯಸ್ ನೈಜರ್ ಜಾತಿಯ ರಾಣಿಯೊಂದು 28 ವರ್ಷಕ್ಕೂ ಹೆಚ್ಚು ಬದುಕಿದ್ದ ದಾಖಲೆಯಿದೆ, ಗೊದ್ದದ ರಾಣಿಯೂ ವರ್ಷಗಟ್ಟಲೆ ಇರುವವಳು. ಬಿಡಿಭಾಗಗಳ ಪಟ್ಟಿ ಕೇಳಿದ್ದಕ್ಕೆ ಕೊಳವೆ ಮತ್ತು ಬಿಸಿ ಪಟ್ಟಿ ಮಾತ್ರ ಪ್ರತ್ಯೇಕವಾಗಿ ಸಿಗುತ್ತವೆ ಎಂದರು.

ಇದರಲ್ಲಿ ನನಗೆ ಸಿಗದ ಒಂದು ಸಂಗತಿ ಸದ್ದು. ಮರದೊಳಗೆ ವಾಸಿಸುವ ಕ್ಯಾಂಪೊನೋಟಸ್ ಹರ್ಕ್ಯುಲಿಯಾನಸ್, ಲಿಗ್ನಿಪೆರ್ಡಾದಂಥ ಜಾತಿಗಳು ಅಪಾಯ ಬಂದಾಗ ದವಡೆ ಮತ್ತು ಉದರದಿಂದ ಗೂಡಿನ ಗೋಡೆಯನ್ನು ಕುಟ್ಟುತ್ತವೆ. ಗಾಳಿಯ ಸದ್ದಲ್ಲ, ಕಾಲಡಿಯ ಕಂಪನ ದೂರದ ಸಂಗಾತಿಗಳನ್ನು ಎಚ್ಚರಿಸುತ್ತದೆ. ನನ್ನ ಗೊದ್ದಗಳೂ ಮುಚ್ಚಳ ಅಲುಗಿದರೆ ಮೈ ಹಿಂದಕ್ಕೂ ಮುಂದಕ್ಕೂ ಜರ್ಕಿಸುವುದು ಕಾಣುತ್ತದೆ, ಆದರೆ ಜಿಪ್ಸಂ ಕುಟ್ಟಿದ್ದನ್ನೆಲ್ಲ ನುಂಗಿಬಿಡುತ್ತದೆ. ಗಡಿಯಾರದ ಟಿಕ್ ಟಿಕ್ ಹಿಡಿಯಲು ನಾವು ಬಳಸುವ ಮೈಕನ್ನು ಚೌಕಟ್ಟಿಗೆ ತಗುಲಿಸಿದರೂ ಏನೂ ಕೇಳಲಿಲ್ಲ. ಕೊಳವೆಯ ಜೋಡಣೆ ಬೇರೆ ತಯಾರಕರ ಗೂಡುಗಳಿಗೂ ಹೊಂದುತ್ತದೆ ಎಂದು ಅಳೆದು ನೋಡಿದ್ದೇನೆ. ಮುಂದಿನದು ಮರದ ಗೂಡು ಕೊಳ್ಳುತ್ತೇನೆ, ಮೈಕನ್ನು ಅದಕ್ಕೆ ಹಚ್ಚುತ್ತೇನೆ. ಅದು ಹೇಗಿದೆ ಎಂದು ಆಮೇಲೆ ಬರೆಯುತ್ತೇನೆ.